ಯಕ್ಷಗಾನಕ್ಕೆ ಯಾವ ಕ್ಯಾಮೆರಾ? ಮಿರರ್‌ಲೆಸ್ಸೋ, ದೊಡ್ಡ ಸೆನ್ಸರಿನ ಕಾಂಪ್ಯಾಕ್ಟೋ?

ಕುಂದಾಪುರದ ಸುಮಾ

ಎಲ್ಲರಿಗೂ ನಮಸ್ಕಾರ. ಒಂದು ಕ್ಯಾಮೆರಾ ತಗೊಳ್ಳೋಣ ಅಂತ ಹೊರಟು ತಲೆ ಕೆಡಿಸಿಕೊಂಡಿದ್ದೇನೆ. ಬಜೆಟ್ 80 ಸಾವಿರ. ತೀರಾ ಎಳೆದರೆ 90. ಹೊಸದೇ ಆಗಬೇಕು ಅಂತೇನಿಲ್ಲ.

ಮುಖ್ಯ ಕೆಲಸ ಯಕ್ಷಗಾನ. ಅದರಲ್ಲೂ ಎರಡು ಥರ. ಒಂದು ಚೌಕಿ, ಅಂದರೆ ವೇಷ ಕಟ್ಟುವ ಕೋಣೆ: ಬಣ್ಣ ಹಚ್ಚುವುದು, ತಲೆಗೆ ಕೇದಗೆ ಮುಂದಲೆ ಕಟ್ಟುವುದು, ಗೆಜ್ಜೆ ಬಿಗಿಯುವುದು. ಇನ್ನೊಂದು ರಂಗಸ್ಥಳ: ಒಡ್ಡೋಲಗ (ವೇಷಗಳ ಮೊದಲ ಪ್ರವೇಶ), ಮಂಡಿ (ಮಂಡಿಯೂರಿ ಸುತ್ತುವುದು), ಯುದ್ಧದ ಕುಣಿತ. ಇದು ಬಿಟ್ಟರೆ ಮಗಳ ಶಾಲೆಯ ಕಾರ್ಯಕ್ರಮ, ವರ್ಷಕ್ಕೊಮ್ಮೆ ಹಂಪಿ, ಬಾದಾಮಿ ಅಂತ ಓಡಾಟ.

ಪಟ್ಟಿಯಲ್ಲಿ ಇರುವುದು ಇಷ್ಟು. ಲೆನ್ಸ್ ಬಾಡಿಗೇ ಅಂಟಿಕೊಂಡಿರುವ ಕಾಂಪ್ಯಾಕ್ಟ್ ಕಡೆಯಿಂದ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3, ಸೋನಿ ಆರ್‌ಎಕ್ಸ್100 ಮಾರ್ಕ್ 7, ರಿಕೋ ಜಿಆರ್ 3. ಲೆನ್ಸ್ ಬದಲಾಯಿಸಬಹುದಾದ ಮಿರರ್‌ಲೆಸ್ ಕಡೆಯಿಂದ ಕ್ಯಾನನ್ ಆರ್50, ಇಲ್ಲವೇ ಸೋನಿ ಜೆಡ್‌ವಿ-ಇ10, ಜೊತೆಗೆ ಬರುವ ಕಿಟ್ ಲೆನ್ಸ್ ಸಮೇತ. ಅಂಗಡಿಯವರು ಕಣ್ಣು ಮುಚ್ಚಿ ಮಿರರ್‌ಲೆಸ್ ತಗೊಳ್ಳಿ ಅಂತಾರೆ. ಗೆಳತಿ ಹೇಳುತ್ತಾಳೆ, ಆ ಚೀಲ ಹೊತ್ತುಕೊಂಡು ನೀನು ಎರಡು ಯಕ್ಷಗಾನದ ಆಟ ನೋಡ್ತೀಯ ಅಷ್ಟೇ, ಕಾಂಪ್ಯಾಕ್ಟ್ ಸಾಕು ಅಂತ. ನೀವೇನಂತೀರಿ?

ಫೋನ್ ಸಾಕು

ಈಗಿನ ಫೋನಿನಲ್ಲೇ 1 ಇಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಬಂದಿದೆ. ಶಿಯೋಮಿ 2022ರಲ್ಲೇ ಹಾಕಿತ್ತು. 80 ಸಾವಿರಕ್ಕೆ ಒಳ್ಳೆ ಫೋನ್ ತಗೊಳ್ಳಿ, ಎರಡೂ ಕೆಲಸ ಆಯ್ತು.

ಕುಂದಾಪುರದ ಸುಮಾ

ಫೋನಿನಲ್ಲಿ ತೆಗೆದು ನೋಡಿಯೇ ಬಂದಿದ್ದೇನೆ ಸರ್. ಕೂತ ವೇಷ ಚೆನ್ನಾಗಿ ಬರುತ್ತದೆ. ಕುಣಿಯುವ ವೇಷ ಕಲಸಿಹೋಗುತ್ತದೆ. ಮುಖ ಸರಿ ಇದ್ದರೆ ಕೈ ಇರುವುದಿಲ್ಲ, ಕೈ ಇದ್ದರೆ ಕಿರೀಟ ಎರಡಾಗಿರುತ್ತದೆ.

ಬೀದಿಬೆಳಕು

ಸುಮಾ ಅವರೇ, ಪಟ್ಟಿಯಲ್ಲಿ ಜಿಆರ್ 3 ನೋಡಿ ಖುಷಿಯಾಯ್ತು. ನಾನು ಅವೆನ್ಯೂ ರಸ್ತೆ, ಕೆ.ಆರ್. ಮಾರ್ಕೆಟ್ ಕಡೆ ಬೆಳಗ್ಗೆ ಬೆಳಗ್ಗೆ ತೆಗೆಯುವವನು. ಜಿಆರ್ ತೂಕ ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಒಳಗಿರುವುದು ಎಪಿಎಸ್-ಸಿ ಸೆನ್ಸರ್, ಅಂದರೆ ನಿಮ್ಮ ಪಟ್ಟಿಯ ಮಿರರ್‌ಲೆಸ್‌ಗಳಲ್ಲಿ ಇರುವ ಅಳತೆಯದ್ದೇ. 28 ಎಂಎಂ ನೋಟ (ಅಂಕಿ ಸಣ್ಣದಾದಷ್ಟು ನೋಟ ಅಗಲ), ಎಫ್/2.8 (ಈ ಅಂಕಿ ಸಣ್ಣದಾದಷ್ಟು ಲೆನ್ಸಿಗೆ ಬರುವ ಬೆಳಕು ಜಾಸ್ತಿ). ಕೈ ನಡುಗುವುದನ್ನು ತಡೆಯುವ ವ್ಯವಸ್ಥೆ ಬಾಡಿಯಲ್ಲೇ ಇದೆ.

ಚೌಕಿ ಅಂದರೆ ಎಷ್ಟು ಜಾಗ? ನಾನು ನೋಡಿದವೆಲ್ಲ ತಗಡಿನ ಶೆಡ್ಡು, ಶಾಲೆಯ ಒಂದು ಕೋಣೆ. ಎರಡು ಸಾಲು ಪೆಟ್ಟಿಗೆ, ಮಧ್ಯೆ ಕಾಲಿಡಲು ಜಾಗ ಇಲ್ಲ. ಅಲ್ಲಿ 28 ಎಂಎಂ ಬಿಟ್ಟು ಬೇರೆ ಏನೂ ನಡೆಯುವುದಿಲ್ಲ. ಜೊತೆಗೆ ಅದರ ಶಟರ್ ಲೆನ್ಸಿನ ಒಳಗೇ ಇದೆ, ಸದ್ದು ಕೇಳುವುದೇ ಇಲ್ಲ. ಬಣ್ಣ ಹಚ್ಚುತ್ತಿರುವ ಕಲಾವಿದರಿಗೆ ತೆಗೆದದ್ದೂ ಗೊತ್ತಾಗುವುದಿಲ್ಲ. ದೊಡ್ಡ ಕ್ಯಾಮೆರಾ ಎತ್ತಿ ನೋಡಿ, ಎಲ್ಲರೂ ಕೈ ನಿಲ್ಲಿಸಿ ನಿಮ್ಮ ಕಡೆ ತಿರುಗುತ್ತಾರೆ.

ಮಂಜಣ್ಣ ಶಿರಸಿ

ಚೌಕಿಗೆ ಸರಿ. ಆಟ ಶುರುವಾದ ಮೇಲೆ? ಮೂರನೇ ಸಾಲಲ್ಲಿ ಕೂತು 28 ಎಂಎಂನಲ್ಲಿ ತೆಗೆದರೆ ಕಿರೀಟ ಸಾಸಿವೆ ಕಾಳಿನಷ್ಟು ಕಾಣುತ್ತದೆ.

ಬೀದಿಬೆಳಕು

ಕ್ರಾಪ್ ಮಾಡಿ, ಬೇಕಾದ ಭಾಗ ಮಾತ್ರ ಕತ್ತರಿಸಿಕೊಳ್ಳಿ. 24 ಮೆಗಾಪಿಕ್ಸೆಲ್ ಇದೆಯಲ್ಲ. ಕ್ಯಾಮೆರಾದಲ್ಲೇ 35, 50ರ ಆಯ್ಕೆ ಇದೆ. ಅದೂ ಸಾಲದು ಅಂದರೆ 2021ರಲ್ಲಿ ಬಂದ ಜಿಆರ್ 3ಎಕ್ಸ್ ನೋಡಿ, ಅದರದ್ದು 40 ಎಂಎಂ ನೋಟ.

ಮಂಜಣ್ಣ ಶಿರಸಿ

50ಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು 7 ಮೆಗಾಪಿಕ್ಸೆಲ್. ಮೂರನೇ ಸಾಲಿನಿಂದ 50 ಕೂಡ ಸಾಲದು, 75-85 ಬೇಕು. ಆಗ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ.

ನಾನು ಆಟದ ಫೋಟೋ ತೆಗೆಯುತ್ತೇನೆ, ಮದುವೆಯದ್ದೂ ತೆಗೆಯುತ್ತೇನೆ. ರಂಗಸ್ಥಳದ ಸಮಸ್ಯೆ ಹೇಳುತ್ತೇನೆ ಕೇಳಿ. ಬಡಗುತಿಟ್ಟಿನ ಮಂಡಿ ಇರಲಿ, ತೆಂಕುತಿಟ್ಟಿನ ದಿಗಿಣ (ಹಾರಿ ಸುತ್ತುವುದು) ಇರಲಿ, ವೇಷ ತಿರುಗುವಾಗ ಶಟರ್ 1/500 ಸೆಕೆಂಡಿಗಿಂತ ನಿಧಾನ ಇಟ್ಟರೆ ಕೈಯ ತುದಿ ಮಸುಕು. ಹಾಗಂತ ಬೆಳಕು ಹಗಲಿನಷ್ಟು ಇರುವುದಿಲ್ಲ. ಎಫ್/1.8 ಲೆನ್ಸ್ ಪೂರ್ತಿ ತೆರೆದರೂ ಐಎಸ್‌ಒ (ಬೆಳಕಿನ ಸಂವೇದನೆ, ಏರಿಸಿದಷ್ಟೂ ಫೋಟೋದಲ್ಲಿ ಕಾಳು ಕಾಳಾದ ನಾಯ್ಸ್) 3200 ಆಸುಪಾಸಿಗೆ ಹೋಗಬೇಕಾಗುತ್ತದೆ. ಇದೇ ಬೆಳಕಿನಲ್ಲಿ ಆರ್‌ಎಕ್ಸ್100 ಮಾರ್ಕ್ 7ನ್ನು 200 ಎಂಎಂಗೆ ಎಳೆದು ನೋಡಿ. ಅಲ್ಲಿ ಅದರ ಲೆನ್ಸ್ ಎಫ್/4.5. ಅದೇ ವೇಗ ಬೇಕು ಅಂದರೆ ಐಎಸ್‌ಒ 20,000 ಆಗಬೇಕು. ಆ ಕ್ಯಾಮೆರಾದ ಮಾಮೂಲಿ ಮಿತಿಯೇ 12,800. ಕಣ್ಣು ಮುಚ್ಚಿ ಮಿರರ್‌ಲೆಸ್ ತಗೊಳ್ಳಿ.

ಲೆಕ್ಕದ ಮೇಷ್ಟ್ರು

ಕಣ್ಣು ಮುಚ್ಚುವ ಮೊದಲು ಸ್ವಲ್ಪ ಲೆಕ್ಕ ನೋಡೋಣ. ಮಂಜಣ್ಣ ಹೇಳಿದ್ದು ಎಫ್/1.8 ಲೆನ್ಸಿನ ಮಾತು. ಸುಮಾ ಅವರು ಕೇಳಿದ್ದು ಕಿಟ್ ಲೆನ್ಸಿನ ಮಾತು. ಎರಡೂ ಬೇರೆ ಬೇರೆ.

ಹೆಸರಿಗೆ 1 ಇಂಚು ಅಂದರೂ ಆ ಸೆನ್ಸರ್ ಅಳೆದರೆ 13.2 × 8.8 ಮಿ.ಮೀ. ಸುಮಾರು 116 ಚದರ ಮಿ.ಮೀ. ಕ್ಯಾನನ್ ಆರ್50ರ ಎಪಿಎಸ್-ಸಿ ಸೆನ್ಸರ್ 22.3 × 14.9, ಅಂದರೆ 332. ಸೋನಿಯದ್ದು ಇನ್ನೂ ಸ್ವಲ್ಪ ದೊಡ್ಡದು, 367 ಆಸುಪಾಸು. ಹಾಗಾಗಿ ಮಿರರ್‌ಲೆಸ್ ಸೆನ್ಸರ್ ಮೂರು ಪಟ್ಟು ದೊಡ್ಡದು ಅಂತ ಇಟ್ಟುಕೊಳ್ಳಿ. ಅಂಗಡಿಯವರು ಇಷ್ಟು ಹೇಳಿ ನಿಲ್ಲಿಸುತ್ತಾರೆ.

ಈಗ ಲೆನ್ಸ್ ನೋಡಿ. ಜಿ7 ಎಕ್ಸ್ ಮಾರ್ಕ್ 3ರ ಲೆನ್ಸ್ ಅಗಲದ ತುದಿಯಲ್ಲಿ ಎಫ್/1.8. ಆರ್50ರ ಜೊತೆ ಬರುವ 18-45 ಲೆನ್ಸ್ ಅಗಲದ ತುದಿಯಲ್ಲಿ ಎಫ್/4.5. 4.5ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ, 6.25 ಬರುತ್ತದೆ. ಅಂದರೆ ಕಾಂಪ್ಯಾಕ್ಟಿನ ಸೆನ್ಸರ್ ಮೂರನೇ ಒಂದು ಪಾಲು, ಆದರೆ ಅದರ ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬೆಳಕು ಆರು ಪಟ್ಟು. ಒಟ್ಟು ಬೆಳಕಿನಲ್ಲಿ ಗೆದ್ದವರು ಯಾರು? ಕಾಂಪ್ಯಾಕ್ಟ್, ಅದೂ ಎರಡು ಪಟ್ಟು. ಜೂಮ್ ಮಾಡಿದರೂ ಅಷ್ಟೇ. 72 ಎಂಎಂ ನೋಟದ ಹತ್ತಿರ ಕಾಂಪ್ಯಾಕ್ಟ್ ಎಫ್/2.8, ಕಿಟ್ ಲೆನ್ಸ್ ಎಫ್/6.3. ಅಲ್ಲೂ ಕಾಂಪ್ಯಾಕ್ಟೇ ಮುಂದೆ.

ಸೋನಿಯ 16-50 ಕಿಟ್ ಲೆನ್ಸ್ ಎಫ್/3.5ರಿಂದ ಶುರುವಾಗುತ್ತದೆ, ಹಾಗಾಗಿ ಅದು ಹೆಚ್ಚು ಕಡಿಮೆ ಸರಿಸಮ. ಗೆಲ್ಲುವುದಂತೂ ಇಲ್ಲ.

ಕುಂದಾಪುರದ ಸುಮಾ

ಮೇಷ್ಟ್ರೇ, ಇದನ್ನು ಯಾರೂ ಹೇಳಿಯೇ ಇರಲಿಲ್ಲ. ಹಾಗಾದರೆ ಕಿಟ್ ಲೆನ್ಸ್ ಹಾಕಿಕೊಂಡು ಮಿರರ್‌ಲೆಸ್ ತಗೊಂಡರೆ ದುಡ್ಡು ದಂಡವಾ?

ಲೆಕ್ಕದ ಮೇಷ್ಟ್ರು

ಬರೀ ಕಿಟ್ ಲೆನ್ಸಿನಲ್ಲೇ ಉಳಿದರೆ ಕತ್ತಲೆ ಕೆಲಸಕ್ಕೆ ಹೌದು. ಆದರೆ ಎರಡನೇ ಲೆನ್ಸ್ ಹಾಕಿದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. ಆರ್50ಕ್ಕೆ 50 ಎಂಎಂ ಎಫ್/1.8 ಹಾಕಿ. ಅದು 80 ಎಂಎಂ ನೋಟ ಕೊಡುತ್ತದೆ. ಅದೇ ನೋಟಕ್ಕೆ ಜಿ7 ಎಕ್ಸ್ ಎಫ್/2.8. ಲೆನ್ಸಿನಿಂದ 2.4 ಪಟ್ಟು, ಸೆನ್ಸರಿನಿಂದ 2.9 ಪಟ್ಟು, ಗುಣಿಸಿದರೆ ಏಳರ ಹತ್ತಿರ. ಏಳು ಪಟ್ಟು ಬೆಳಕು ಅಂದರೆ ಐಎಸ್‌ಒ 800 ಫೋಟೋಗೂ 5,600 ಫೋಟೋಗೂ ಇರುವಷ್ಟು ವ್ಯತ್ಯಾಸ.

ಹಾಗಾಗಿ ನನ್ನ ಪ್ರಶ್ನೆ ಕ್ಯಾಮೆರಾದ ಬಗ್ಗೆ ಅಲ್ಲ. ನೀವು ಎರಡನೇ ಲೆನ್ಸ್ ಕೊಳ್ಳುತ್ತೀರಾ? ಕೊಂಡ ಮೇಲೆ ಒಯ್ಯುತ್ತೀರಾ? ಇಲ್ಲ ಅಂತಾದರೆ ಕಾಂಪ್ಯಾಕ್ಟ್ ತಗೊಂಡು ಆರಾಮಾಗಿ ಇರಿ.

ಮಂಜಣ್ಣ ಶಿರಸಿ

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಕಿಟ್ ಲೆನ್ಸ್ ಹಾಕಿ ಆಟ ತೆಗೆಯಿರಿ ಅಂತ ನಾನು ಯಾವತ್ತೂ ಹೇಳುವವನಲ್ಲ. ಆದರೆ ಲೆಕ್ಕದಲ್ಲಿ ಫೋಕಸ್ ಬರುವುದಿಲ್ಲ ನೋಡಿ. ಬಣ್ಣದ ವೇಷ (ರಾಕ್ಷಸ ಪಾತ್ರ) ಎದುರಿಗೇ ನುಗ್ಗಿ ಬರುವಾಗ ಕಣ್ಣು ಹಿಡಿದು ಬಿಡದೆ ಬರುವ ಫೋಕಸ್ ಬೇಕು. ಜಿ7 ಎಕ್ಸ್, ಜಿಆರ್ ಎರಡೂ ಆ ಕೆಲಸಕ್ಕೆ ನಿಧಾನ. ಕಾಂಪ್ಯಾಕ್ಟುಗಳಲ್ಲಿ ಆರ್‌ಎಕ್ಸ್100 ಮಾರ್ಕ್ 7 ಮಾತ್ರ ಚುರುಕು, ಅದರ ಲೆನ್ಸಿನ ಕಥೆ ಮೇಲೆ ಹೇಳಿದೆ.

ಬೀದಿಬೆಳಕು

ಈಗ ಎಐ ಇರುವ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಇದೆ. ಐಎಸ್‌ಒ 6400ನ್ನು 1600ರ ಹಾಗೆ ಮಾಡಿಕೊಡುತ್ತದೆ. 2015ರ ವಾದವನ್ನು ಇನ್ನೂ ಎಷ್ಟು ವರ್ಷ ಹೇಳುತ್ತೀರಿ?

ಲೆಕ್ಕದ ಮೇಷ್ಟ್ರು

ಆ ಸಾಫ್ಟ್‌ವೇರ್ ಮಿರರ್‌ಲೆಸ್ಸಿನ ಫೋಟೋಗೂ ಅಷ್ಟೇ ಕೆಲಸ ಮಾಡುತ್ತದೆ ಅಲ್ವಾ? ಇಬ್ಬರ ಸಂಬಳವೂ ಒಂದೇ ಸಮ ಏರಿದರೆ ವ್ಯತ್ಯಾಸ ಕಡಿಮೆ ಆಗುವುದಿಲ್ಲ. ಮತ್ತೆ ಬಣ್ಣದ ಮುಖದ ಮೇಲೆ ಅದು ಕೆಲವೊಮ್ಮೆ ಅತಿ ಬುದ್ಧಿ ತೋರಿಸುತ್ತದೆ. ಬಣ್ಣದ ವೇಷದ ಮುಖದ ಚಿಟ್ಟಿ ನೋಡಿ, ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಕ್ಕೆ ಇಟ್ಟು ಗಂಟೆಗಟ್ಟಲೆ ಕೂತು ಮಾಡಿದ್ದು. ಆ ಚುಕ್ಕೆಗಳನ್ನೇ ನಾಯ್ಸ್ ಅಂದುಕೊಂಡು ಸಾರಿಸಿಬಿಟ್ಟರೆ?

ಸನಿವೇಲ್ ಶ್ರೀಧರ

ಯಾರೂ ಫ್ಯೂಜಿ ಎಕ್ಸ್100 ವಿಐ ಹೆಸರು ಎತ್ತಲಿಲ್ಲವಲ್ಲ! ಎಪಿಎಸ್-ಸಿ, 40 ಮೆಗಾಪಿಕ್ಸೆಲ್, 35 ಎಂಎಂ ನೋಟ, ಎಫ್/2, ಸದ್ದಿಲ್ಲದ ಶಟರ್, ಬಾಡಿಯಲ್ಲೇ ಸ್ಥಿರತೆ. 2024ರಲ್ಲಿ ಬಂದಾಗ ಇಲ್ಲಿ ಅಮೆರಿಕದಲ್ಲಿ 1,599 ಡಾಲರ್. ಅದರ ಬಣ್ಣ ನೋಡಿದ ಮೇಲೆ ಬೇರೆ ಕ್ಯಾಮೆರಾ ಮುಟ್ಟಲು ಮನಸ್ಸಾಗುವುದಿಲ್ಲ. ಎಡಿಟ್ ಮಾಡುವ ಕೆಲಸವೇ ಇಲ್ಲ.

ಕುಂದಾಪುರದ ಸುಮಾ

ಶ್ರೀಧರಣ್ಣ, ನನ್ನ ಬಜೆಟ್ ಓದಿದ್ರಾ? 😄 1,599 ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ 1 ಲಕ್ಷ 30 ಸಾವಿರ ದಾಟುತ್ತದೆ.

ಸನಿವೇಲ್ ಶ್ರೀಧರ

ಹೌದಲ್ಲ ಸುಮಕ್ಕ. ಹಳೆಯದು ನೋಡಿ ಹಾಗಾದರೆ. ಊರಿಗೆ ಬರುವವರ ಕೈಯಲ್ಲಿ ಕಳಿಸಬಹುದು. ಆದರೆ ವಾರಂಟಿ ಕಾಗದ ಓದಿಕೊಳ್ಳಿ. ಎಷ್ಟೋ ಕ್ಯಾಮೆರಾಗಳದ್ದು ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ.

ಹಾರ್ನ್‌ಬಿಲ್ ದಾಂಡೇಲಿ

ಲೆನ್ಸ್ ಬದಲಾಯಿಸುವ ಗೋಳೇ ಬೇಡ ಅಂದರೆ ಸೋನಿ ಆರ್‌ಎಕ್ಸ್10 ಮಾರ್ಕ್ 4. 1 ಇಂಚು, 24ರಿಂದ 600 ಎಂಎಂ, ಎಫ್/2.4ರಿಂದ 4. ಮಂಗಟ್ಟೆ ಹಕ್ಕಿಯಿಂದ ಹಿಡಿದು ಭಾಗವತರ ತನಕ ಎಲ್ಲವೂ ಸಿಗುತ್ತದೆ.

ಮಂಜಣ್ಣ ಶಿರಸಿ

1,095 ಗ್ರಾಂ ತೂಗುವುದನ್ನು ಕಾಂಪ್ಯಾಕ್ಟ್ ಅಂತ ಯಾರು ಒಪ್ಪುತ್ತಾರೆ ಸ್ವಾಮಿ? ಕಾಡಿಗೆ ಒಳ್ಳೆಯದು, ಹಗಲಿಗೆ ಒಳ್ಳೆಯದು. ರಾತ್ರಿ ಒಂದು ಗಂಟೆಯ ಆಟಕ್ಕೆ ಅಲ್ಲ.

ರಿಪೇರಿ ರಫೀಕ್

ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ ಮಾರಾಯ್ರೆ. ಸೆನ್ಸರ್, ಲೆನ್ಸ್ ಎಲ್ಲ ಸರಿ. ಕ್ಯಾಮೆರಾ ಬದುಕಿ ಉಳಿಯುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಮಂಗಳೂರಿನಲ್ಲಿ ಕ್ಯಾಮೆರಾ ಬಿಚ್ಚಿ ಜೋಡಿಸುವವನು. ಕರಾವಳಿಯಲ್ಲಿ ಕ್ಯಾಮೆರಾ ಕೆಡುವುದು ಎರಡು ಕಾರಣಕ್ಕೆ ಜಾಸ್ತಿ: ಒಂದು ದೂಳು, ಇನ್ನೊಂದು ಫಂಗಸ್.

ದೂಳು ಮೊದಲು. ಚೌಕಿಯಲ್ಲಿ ಗಾಳಿಯಲ್ಲಿ ಏನೇನಿರುತ್ತದೆ? ಮುಖಕ್ಕೆ ಬಡಿಯುವ ಪೌಡರ್, ಸಫೇತದ ಬಿಳಿ ಪುಡಿ, ಇಂಗಳೀಕದ ಕೆಂಪು ಪುಡಿ. ಹೊರಗೆ ಕೊಯ್ಲು ಮುಗಿದ ಗದ್ದೆಯ ಮಣ್ಣು. ಜೂಮ್ ಕಾಂಪ್ಯಾಕ್ಟ್ ಪ್ರತಿ ಸಲ ಮೂಗು ಹೊರಗೆ ಹಾಕಿ ಒಳಗೆ ಎಳೆದುಕೊಳ್ಳುವಾಗ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಪುಡಿಯನ್ನೂ. ಜಿಆರ್ ಲೆನ್ಸೂ ಹೊರಗೆ ಬಂದು ಹೋಗುವಂಥದ್ದೇ. ಅದಕ್ಕೆ ದೂಳು ತಡೆಯುವ ಸೀಲಿಂಗ್ ಇಲ್ಲ. ಸೆನ್ಸರ್ ನಡುಗಿಸಿ ದೂಳು ಉದುರಿಸುವ ವ್ಯವಸ್ಥೆ ಇದೆ, ಒಪ್ಪುತ್ತೇನೆ. ಆದರೆ ಉದುರಿದ ದೂಳು ಹೋಗುವುದೆಲ್ಲಿಗೆ? ಒಳಗೇ. ಒಂದು ಕಣ ಅಂಟಿಕೊಂಡರೆ ಇಡೀ ಕ್ಯಾಮೆರಾ ಬಿಚ್ಚಬೇಕು. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದು ಕೈಯಲ್ಲಿ ಒತ್ತುವ ಬ್ಲೋವರ್‌ನಿಂದ ಫೂ ಅಂದರೆ ಹೆಚ್ಚಿನ ಸಲ ಮುಗಿಯಿತು.

ಬೀದಿಬೆಳಕು

ರಫೀಕಣ್ಣ, ಆ ಪೌಡರ್ ಮಧ್ಯೆ ನಿಂತು ಲೆನ್ಸ್ ಬದಲಾಯಿಸಿದರೆ? ಸೆನ್ಸರ್ ಬಾಯಿ ತೆರೆದುಕೊಂಡೇ ಇರುತ್ತದಲ್ಲ.

ರಿಪೇರಿ ರಫೀಕ್

ಅಲ್ಲಿ ಬದಲಾಯಿಸಲೇಬಾರದು. ಚೌಕಿಗೆ ಹೋಗುವ ಮೊದಲೇ, ಹೊರಗೆ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಾಯಿಸಿಕೊಳ್ಳಿ. ಶಿಸ್ತು ಇಲ್ಲದವರಿಗೆ ಮಿರರ್‌ಲೆಸ್ಸೂ ದೂಳಿನ ಡಬ್ಬಿಯೇ.

ಇನ್ನು ಫಂಗಸ್. ಮೇಳಗಳ ತಿರುಗಾಟ ಯಾವಾಗ? ದೀಪಾವಳಿ ಕಳೆದು ನವೆಂಬರ್‌ನಿಂದ ಮೇ ಕೊನೆ, ತುಳುನಾಡಿನ ಪತ್ತನಾಜೆಯ ದಿನದ ತನಕ. ಆಮೇಲೆ ಮಳೆ ಬರುತ್ತದೆ, ಆಟ ಇಲ್ಲ, ಕ್ಯಾಮೆರಾ ಕಪಾಟು ಸೇರುತ್ತದೆ. ಸರಿಯಾಗಿ ಆ ನಾಲ್ಕು ತಿಂಗಳಲ್ಲೇ ಲೆನ್ಸಿನ ಒಳಗೆ ಬೂಷ್ಟು ಹಿಡಿಯುವುದು. ಅಕ್ಟೋಬರ್ ಬಂದರೆ ನನ್ನ ಅಂಗಡಿ ತುಂಬುತ್ತದೆ. ಮಿರರ್‌ಲೆಸ್ಸಿಗೆ ಫಂಗಸ್ ಬಂದರೆ ಆ ಒಂದು ಲೆನ್ಸ್ ಹೋಯಿತು, ಬಾಡಿ ಉಳಿಯಿತು. ಕಾಂಪ್ಯಾಕ್ಟಿಗೆ ಬಂದರೆ ಎರಡೂ ಒಂದೇ. ಬಿಡಿಭಾಗ ಸಿಗುವುದೂ ಕಷ್ಟ.

ಯಾಕೆ ಕಷ್ಟ ಅಂದರೆ, ಜಪಾನಿನ ಕಂಪನಿಗಳು 2010ರಲ್ಲಿ ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾ 12 ಕೋಟಿ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕಾಂಪ್ಯಾಕ್ಟೇ. 2023ಕ್ಕೆ ಎಲ್ಲ ಸೇರಿ 80 ಲಕ್ಷವೂ ಇಲ್ಲ. ಫೋನ್ ಬಂದು ಸಣ್ಣ ಕ್ಯಾಮೆರಾದ ಮಾರುಕಟ್ಟೆಯನ್ನು ಗುಡಿಸಿ ಹಾಕಿತು. ಉಳಿದದ್ದು ದುಬಾರಿ ಮಾದರಿಗಳು, ಬಿಡಿಭಾಗ ಬರುವುದು ತಿಂಗಳುಗಟ್ಟಲೆ ಕಾದ ಮೇಲೆ.

ಕುಂದಾಪುರದ ಸುಮಾ

ರಫೀಕಣ್ಣ, ನಿಜ. ಅಪ್ಪನ ಹಳೆ ಫಿಲ್ಮ್ ಕ್ಯಾಮೆರಾದ ಲೆನ್ಸಿನಲ್ಲಿ ಜೇಡರ ಬಲೆಯ ಹಾಗೆ ಕಾಣುತ್ತದೆ. ಹೊಸದಕ್ಕೆ ಹಾಗಾಗದಿರಲು ಏನು ಮಾಡಬೇಕು? ತೇವ ತಡೆಯುವ ಡ್ರೈ ಕ್ಯಾಬಿನೆಟ್ ಕೊಳ್ಳಲೇಬೇಕಾ?

ರಿಪೇರಿ ರಫೀಕ್

ಬೇಕಾಗಿಲ್ಲ. ಅಡುಗೆಮನೆಯಲ್ಲಿ ಬಳಸುವ, ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಅಂತ ಲೆಕ್ಕ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾಡಬೇಡಿ ಮತ್ತೆ. ಒಳಗೆ ಒಂದು ಸಣ್ಣ ತೇವಮಾಪಕ ಇಡಿ, 40ರಿಂದ 50 ಶೇಕಡಾ ತೋರಿಸಿದರೆ ಸಾಕು. ಚರ್ಮದ ಕವರ್, ಬಟ್ಟೆಯ ಚೀಲದಲ್ಲಿ ಹಾಕಿ ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯಿರಿ.

ಬೀದಿಬೆಳಕು

ಸರಿ, ದೂಳಿನ ವಿಷಯದಲ್ಲಿ ಜಿಆರ್‌ಗೆ ಕೆಟ್ಟ ಹೆಸರಿದೆ, ವಾದ ಮಾಡುವುದಿಲ್ಲ. ಆದರೂ ಒಂದು ಮಾತು. ರಂಗಸ್ಥಳದ ಫೋಟೋ ಈಗ ಎಲ್ಲರ ಹತ್ತಿರ ಇದೆ. ಅದೇ ಕುಣಿತ, ಅದೇ ಕೋನ, ಹಿಂದೆ ಅದೇ ಪ್ರಾಯೋಜಕರ ಬ್ಯಾನರ್. ಚೌಕಿಯಲ್ಲಿ ತೆಗೆದದ್ದು ಯಾರ ಹತ್ತಿರ ಇದೆ? ಕನ್ನಡಿ ಹಿಡಿದ ಎಡಗೈ, ಕಡ್ಡಿ ಹಿಡಿದ ಬಲಗೈ, ಪಕ್ಕದಲ್ಲಿ ಕಾಲು ಚಾಚಿ ನಿದ್ದೆ ಹೋದ ಸ್ತ್ರೀವೇಷ. ಜಿಆರ್‌ನಲ್ಲಿ ಸ್ನ್ಯಾಪ್ ಫೋಕಸ್ ಅಂತ ಇದೆ. ಮೊದಲೇ 1 ಮೀಟರ್‌ಗೋ 1.5ಕ್ಕೋ ದೂರ ಕಟ್ಟಿಟ್ಟು ಬಟನ್ ಒತ್ತಿದರೆ ಆಯ್ತು, ಫೋಕಸ್ ಹುಡುಕುವುದೇ ಇಲ್ಲ. ಮ್ಯಾಕ್ರೋದಲ್ಲಿ 6 ಸೆಂಟಿಮೀಟರ್ ಹತ್ತಿರ ಹೋಗಬಹುದು. ಮೇಷ್ಟ್ರು ಹೇಳಿದ ಆ ಚಿಟ್ಟಿಯ ಚುಕ್ಕೆ ಒಂದೊಂದೂ ಕಾಣುತ್ತದೆ. ಸುಮಾ ಅವರಿಗೆ ನಿಜವಾಗಿ ಬೇಕಾದದ್ದು ಯಾವುದು ಅಂತ ಅವರೇ ಯೋಚಿಸಲಿ.

ಮಂಜಣ್ಣ ಶಿರಸಿ

ಬಣ್ಣ ಹಚ್ಚಿಕೊಂಡವರ ಮುಖಕ್ಕೆ 6 ಸೆಂಟಿಮೀಟರ್ ಹತ್ತಿರ ಕ್ಯಾಮೆರಾ ಹಿಡಿದರೆ ಪ್ರಸಂಗ ಅಲ್ಲೇ ಶುರುವಾಗುತ್ತದೆ ಮಾರಾಯ್ರೆ.

ಆದರೆ ಬ್ಯಾನರಿನ ಮಾತು ನಿಜ. ಅದಕ್ಕೂ ಎಫ್/1.8 ಬೇಕು. 75-80 ನೋಟದಲ್ಲಿ ಪೂರ್ತಿ ತೆರೆದರೆ ಹಿಂದಿನ ಫೈನಾನ್ಸ್ ಕಂಪನಿಯ ಹೆಸರು ಬರೀ ಬಣ್ಣದ ಮೋಡ ಆಗಿಬಿಡುತ್ತದೆ.

ಬೆಳಕಿನ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಈಗ ಎಲ್ಲ ಕಡೆ ಎಲ್‌ಇಡಿ. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಶಟರ್ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಆ ಹೊತ್ತಿಗೆ ಎಲ್‌ಇಡಿ ಮಿಣುಕಿದರೆ ಫೋಟೋ ಮೇಲೆ ಅಡ್ಡ ಪಟ್ಟಿ. ಮುಖದ ಮೇಲೆ ಕಪ್ಪು ಪಟ್ಟಿ ಬಂದರೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ. ರಂಗಸ್ಥಳದಲ್ಲಿ ಮೆಕ್ಯಾನಿಕಲ್ ಶಟರ್ರೇ ಇಡಿ. ಚೆಂಡೆಯ ಮುಂದೆ ಶಟರ್ ಸದ್ದು ಯಾರಿಗೆ ಕೇಳುತ್ತದೆ?

ಲೆಕ್ಕದ ಮೇಷ್ಟ್ರು

ಈ ಒಂದು ವಿಷಯದಲ್ಲಿ ಕಾಂಪ್ಯಾಕ್ಟಿಗೆ ಅಂಕ ಕೊಡಬೇಕು. ಜಿಆರ್, ಎಕ್ಸ್100ರ ಲೀಫ್ ಶಟರ್ ಇಡೀ ಸೆನ್ಸರನ್ನು ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಚುತ್ತದೆ. ಪಟ್ಟಿ ಬರುವುದಿಲ್ಲ. ಹೆಚ್ಚೆಂದರೆ ಒಂದು ಫೋಟೋ ಬೆಳಕು, ಇನ್ನೊಂದು ಸ್ವಲ್ಪ ಮಂದ ಬರಬಹುದು. ಚೌಕಿಯ ಟ್ಯೂಬ್‌ಲೈಟಿಗೆ ಎಲ್ಲರೂ ಮಾಡಬಹುದಾದ ಉಪಾಯ, ಶಟರನ್ನು 1/100ಕ್ಕೆ ಕಟ್ಟಿಡುವುದು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಮಿಣುಕುವುದು ಸೆಕೆಂಡಿಗೆ 100 ಸಲ. ಅದಕ್ಕೆ ತಾಳ ಕೂಡಿದರೆ ಪಟ್ಟಿ ಮಾಯ.

ಕೆಂಪು, ನೀಲಿ ಎಲ್‌ಇಡಿ ಮುಖದ ಮೇಲೆ ಬಿದ್ದರೆ ಮಾತ್ರ ಎರಡು ಜಾತಿಯವೂ ಒದ್ದಾಡುತ್ತವೆ. ಕೆಂಪು ಪೂರ್ತಿ ತುಂಬಿ ಮುಖದ ಗೆರೆಯೇ ಅಳಿಸಿಹೋಗುತ್ತದೆ. ಅರ್ಧ, ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ ಬೆಳಕಿಗೆ ಇಟ್ಟು ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಮೇಲೆ ಎತ್ತಿಕೊಳ್ಳಬಹುದು.

ಕುಂದಾಪುರದ ಸುಮಾ

ಮೇಷ್ಟ್ರ ಪ್ರಶ್ನೆಗೆ ಉತ್ತರ: ಎರಡನೇ ಲೆನ್ಸ್ ಕೊಳ್ಳುತ್ತೇನೆ, ಒಯ್ಯುತ್ತೇನೆ. ಸ್ಕೂಟರಿನಲ್ಲಿ ಆಟಕ್ಕೆ ಹೋಗುವವಳು, ಅರ್ಧ ಕೆಜಿ ಜಾಸ್ತಿ ಆದರೆ ಏನೂ ಆಗುವುದಿಲ್ಲ. ಹಾಗಾದರೆ ಆರ್50 ಮತ್ತು 50 ಎಂಎಂ ಎಫ್/1.8 ಅಂತ ತೀರ್ಮಾನ ಮಾಡಲಾ?

ಮಂಜಣ್ಣ ಶಿರಸಿ

ಸ್ವಲ್ಪ ತಡೀರಿ. ಆರ್50 ಬಾಡಿಯಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಕ್ಯಾನನ್‌ನ ಆ 50 ಎಂಎಂ ಲೆನ್ಸಿನಲ್ಲೂ ಇಲ್ಲ. ಕುಣಿತಕ್ಕೆ 1/500 ಇಡುವಾಗ ಅದರ ಅಗತ್ಯ ಬೀಳುವುದಿಲ್ಲ. ಆದರೆ ಭಾಗವತರು ಕೂತು ಹಾಡುವಾಗ, ಬಾದಾಮಿ ಗುಹೆಯೊಳಗೆ, ನಿಧಾನ ಶಟರ್ ಇಟ್ಟಾಗ ಕೈ ಕೊಡುತ್ತದೆ. ಸೋನಿಯ ಇ-ಮೌಂಟ್ 50 ಎಂಎಂ ಎಫ್/1.8ರಲ್ಲಿ ಆ ವ್ಯವಸ್ಥೆ ಲೆನ್ಸಿನಲ್ಲೇ ಇದೆ, ತೂಕ ಬರೀ 202 ಗ್ರಾಂ.

ಜೆಡ್‌ವಿ-ಇ10 ಬೇಡ. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಕತ್ತಲೆಯಲ್ಲಿ ಹಿಂದಿನ ಪರದೆ ಬೆಳಗಿಸಿಕೊಂಡು ತೆಗೆದರೆ ನಿಮ್ಮ ಹಿಂದೆ ಕೂತ ಅಜ್ಜ ಬೈಯುತ್ತಾರೆ, ಬೈಯಲೂ ಬೇಕು. ಸೆಕೆಂಡ್ ಹ್ಯಾಂಡ್ ಸೋನಿ ಎ6400 ಹುಡುಕಿ. 2019ರದ್ದು, 403 ಗ್ರಾಂ, ವ್ಯೂಫೈಂಡರ್ ಇದೆ, ಕಣ್ಣು ಹಿಡಿಯುವ ಫೋಕಸ್ ಇದೆ. ಜೊತೆಗೆ ಆ 50. ಕಿಟ್ 16-50 ಜೊತೆಯಲ್ಲೇ ಬಂದರೆ ಬೇಡ ಅನ್ನಬೇಡಿ, 116 ಗ್ರಾಂ, ಪ್ರವಾಸಕ್ಕೆ ಆಗುತ್ತದೆ.

ಲೆಕ್ಕದ ಮೇಷ್ಟ್ರು

ಬಾದಾಮಿಯ ಮಾತು ಬಂತು ಅಂತ ಹೇಳುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಹಾಗಾಗಿ ಸ್ಥಿರತೆ ಇರುವ ಲೆನ್ಸ್ ನಿಜಕ್ಕೂ ಉಪಯೋಗ. ಹಂಪಿಗೆ ಹೋದಾಗ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ತಲೆಕೆಳಗಾದ ನೆರಳು ಬೀಳುವ ಕತ್ತಲೆ ಕೋಣೆ ತಪ್ಪಿಸಬೇಡಿ. ಗೋಡೆಯ ಸಣ್ಣ ಕಿಂಡಿಯೇ ಕ್ಯಾಮೆರಾ. ಯಾರೂ ಅಲ್ಲಿ ಯಾವ ಸೆನ್ಸರ್ ಅಂತ ಕೇಳುವುದಿಲ್ಲ.

ಬೀದಿಬೆಳಕು

ಚೌಕಿಗೆ ಏನು ಮಾಡುತ್ತೀರಿ ಅಂತ ಯಾರೂ ಹೇಳಲಿಲ್ಲ. 50 ಎಂಎಂ ಹಾಕಿಕೊಂಡು ಒಳಗೆ ಹೋದರೆ ಬೆನ್ನು ತಗಡಿಗೆ ತಾಗುತ್ತದೆ, ಆದರೂ ಬರೀ ಮೂಗು, ಕಣ್ಣು ಅಷ್ಟೇ ಬರುತ್ತದೆ. ಕಿಟ್ ಲೆನ್ಸ್ ಹಾಕಿದರೆ ಮೇಷ್ಟ್ರೇ ಹೇಳಿದ ಹಾಗೆ ಕಾಂಪ್ಯಾಕ್ಟಿಗಿಂತ ಹೆಚ್ಚೇನಿಲ್ಲ.

ಮಂಜಣ್ಣ ಶಿರಸಿ

ಬಣ್ಣ ಹಚ್ಚುವವರು ಕುಣಿಯುವುದಿಲ್ಲವಲ್ಲ. 16 ಎಂಎಂ, ಎಫ್/3.5, 1/100, ಐಎಸ್‌ಒ 1600. ಕನ್ನಡಿಯ ಮೇಲೆ ಬಲ್ಬು ಇರುತ್ತದೆ, ಸಾಕಾಗುತ್ತದೆ. ಸಾಲದು ಅಂದರೆ ಮುಂದೆ ಯಾವಾಗಲೋ ಸಿಗ್ಮಾ 16 ಎಂಎಂ ಎಫ್/1.4 ತಗೊಳ್ಳಲಿ. ಲೆನ್ಸ್ ಬದಲಾಯಿಸುವ ಕ್ಯಾಮೆರಾ ಇರುವುದು ಅದಕ್ಕೇ ಅಲ್ವಾ?

ಬೀದಿಬೆಳಕು

ಆ ಸಿಗ್ಮಾ 405 ಗ್ರಾಂ! ಬರೀ ಲೆನ್ಸೇ ಒಂದೂವರೆ ಜಿಆರ್ ತೂಕ. ನೀವು ಹೀಗೆ ಒಂದೊಂದೇ ಸೇರಿಸಿ ಸುಮಾ ಅವರ ಕೈಯಲ್ಲಿ ಎರಡು ಕೆಜಿ ಚೀಲ ಹೊರಿಸುತ್ತೀರಿ, ನೋಡ್ತಾ ಇರಿ.

ಕುಂದಾಪುರದ ಸುಮಾ

ಇಬ್ಬರೂ ಜಗಳ ಆಡಬೇಡಿ 😄 ಎ6400 ಮತ್ತು 50 ಎಂಎಂ ಹುಡುಕುತ್ತೇನೆ. ಈ ಸೀಸನ್ ಚೌಕಿಗೆ ಕಿಟ್ ಲೆನ್ಸೇ ಇರಲಿ. ಜಿಆರ್ ಯಾರದ್ದಾದರೂ ಕೈಯಲ್ಲಿ ಸಿಕ್ಕರೆ ಒಂದು ರಾತ್ರಿ ಇಟ್ಟುಕೊಂಡು ನೋಡುತ್ತೇನೆ. ರಫೀಕಣ್ಣ, ಹಳೆಯದು ಕೊಳ್ಳುವಾಗ ಏನೇನು ನೋಡಬೇಕು?

ರಿಪೇರಿ ರಫೀಕ್

ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ನೂಲಿನ ಹಾಗೆ, ಬಲೆಯ ಹಾಗೆ ಕಂಡರೆ ಬೇಡವೇ ಬೇಡ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾಲ್ಕು ಚುಕ್ಕೆ ದೂಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಇದ್ದರೆ ಸೆನ್ಸರ್ ಮೇಲೆ ದೂಳು. ಬ್ಲೋವರ್ ಹೊಡೆದು ಮತ್ತೆ ತೆಗೆಯಿರಿ. ಚುಕ್ಕೆ ಜಾಗ ಬದಲಾಯಿಸಿದರೆ ಸರಿ. ಅಲ್ಲೇ ಕೂತಿದ್ದರೆ ಸ್ವಚ್ಛ ಮಾಡುವ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿ. ಲೆನ್ಸ್ ಕೂರುವ ಲೋಹದ ಉಂಗುರದ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಮೂಲ ಬಿಲ್ ಕೇಳಿ, ಅದರ ಮೇಲಿನ ಸೀರಿಯಲ್ ನಂಬರನ್ನು ಬಾಡಿಯ ಕೆಳಗಿರುವುದರ ಜೊತೆ ತಾಳೆ ನೋಡಿ. ಬಿಲ್ ಇಲ್ಲ, ನಾಳೆ ಕೊಡ್ತೇನೆ ಅಂದರೆ ನಾಳೆಯೇ ದುಡ್ಡು ಕೊಡಿ.